ಚಿತ್ರ ಬಿಟ್ಟರೆ ಆಟ ಓಡುತ್ತದೆಯೇ?

ಪ್ರಶ್ನೆ: ನಾನು ಬಸವೇಶ್ವರನಗರದವನು, ಡಿಪ್ಲೊಮಾ ಓದುತ್ತಿದ್ದೇನೆ. ಅಣ್ಣ ಬಳಸಿ ಬಿಟ್ಟ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಸೋನಿಯ ಪಿಎಸ್‌ಪಿ ಗೇಮ್ ಯಂತ್ರದ ಆಟಗಳನ್ನು ಓಡಿಸುವ ಎಮ್ಯುಲೇಟರ್ ಹಾಕಿಕೊಂಡಿದ್ದೇನೆ. ಅಣ್ಣನ ಪಿಎಸ್‌ಪಿಯಿಂದ ನಾವೇ ತೆಗೆದುಕೊಂಡ ಒಂದು ಕಾರ್ ರೇಸ್ ಆಟ ಇದೆ. ತಿರುವಿನಲ್ಲಿ ನಾಲ್ಕೈದು ಕಾರು ಒಟ್ಟಿಗೆ ಬಂದರೆ ಸಾಕು, ಆಟ ನಿಧಾನವಾಗಿ ಸೌಂಡ್ ರಾಗ ಎಳೆಯುತ್ತದೆ. ಫ್ರೆಂಡ್ ಒಬ್ಬ ಫ್ರೇಮ್ ಸ್ಕಿಪ್ 3 ಹಾಕು ಅಂದ. ಹಾಕಿದೆ. ಈಗ ಕಾರು ಹಾರಿ ಹಾರಿ ಹೋಗುತ್ತದೆ, ಸೌಂಡ್ ಮಾತ್ರ ಇನ್ನೂ ಸರಿಹೋಗಿಲ್ಲ. ಎಷ್ಟು ಹಾಕಬೇಕು ಸಾರ್? ಇದರಿಂದ ಫೋನಿಗೆ, ಬ್ಯಾಟರಿಗೆ ತೊಂದರೆ ಇದೆಯಾ?

ಉತ್ತರ: ಮೊದಲು ಆ 3 ಅನ್ನು ಸೊನ್ನೆಗೆ ತನ್ನಿ. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮ ಫೋನು ಸೋಲುತ್ತಿರುವುದು ಚಿತ್ರ ಬಿಡಿಸುವುದರಲ್ಲಲ್ಲ, ಇನ್ನೆಲ್ಲೋ ಅನ್ನಿಸುತ್ತದೆ. ಹಾಗಿದ್ದರೆ 3 ಅಲ್ಲ, 8 ಹಾಕಿದರೂ ಸೌಂಡ್ ಸರಿಹೋಗುವುದಿಲ್ಲ. ಹೀಗೆ ಏಕೆ ಹೇಳುತ್ತಿದ್ದೇನೆ, ಅದನ್ನು ನಿಮ್ಮ ಫೋನಿನಲ್ಲೇ ಹೇಗೆ ಪರೀಕ್ಷೆ ಮಾಡಿಕೊಳ್ಳಬಹುದು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಒಂದು ಕ್ರಿಕೆಟ್ ಮ್ಯಾಚ್ ನಡೆಯುತ್ತಿದೆ ಎಂದುಕೊಳ್ಳಿ. ಬೌಲರ್ ಎಸೆಯುತ್ತಾನೆ, ಸ್ಕೋರರ್ ಪ್ರತಿ ಬಾಲನ್ನೂ ಬರೆದುಕೊಳ್ಳುತ್ತಾನೆ, ಪಕ್ಕದಲ್ಲಿ ಕೂತ ಇನ್ನೊಬ್ಬ ಪ್ರತಿ ಬಾಲಿಗೂ ಒಂದು ಚಿತ್ರ ಬಿಡಿಸುತ್ತಾನೆ. ಚಿತ್ರ ಮುಗಿಯುವ ತನಕ ಮುಂದಿನ ಬಾಲ್ ಎಸೆಯುವ ಹಾಗಿಲ್ಲ ಅನ್ನುವುದು ನಿಯಮ. ಚಿತ್ರಗಾರ ನಿಧಾನವಾದರೆ ಮ್ಯಾಚ್ ಪೂರ್ತಿ ನಿಧಾನ. ಆಗ ಅವನಿಗೆ ‘ನೀನು ಒಂದು ಬಾಲ್ ಬಿಟ್ಟು ಒಂದು ಬಾಲ್ ಬಿಡಿಸು’ ಅಂದರೆ ಮ್ಯಾಚ್ ಸರಿಯಾದ ವೇಗಕ್ಕೆ ಬರುತ್ತದೆ. ಒಂದು ರನ್ನೂ ಲೆಕ್ಕ ತಪ್ಪುವುದಿಲ್ಲ, ಯಾಕೆಂದರೆ ಸ್ಕೋರರ್ ಒಂದು ಬಾಲನ್ನೂ ಬಿಟ್ಟಿಲ್ಲ. ಫ್ರೇಮ್ ಸ್ಕಿಪ್ ಅಂದರೆ ಇಷ್ಟೇ. ಇಲ್ಲಿ ಒಂದು ಬಾಲ್ ಎಂದರೆ ಒಂದು ಫ್ರೇಮ್, ಆಟದ ಒಂದು ಹೆಜ್ಜೆ. ಆಟದ ಲೆಕ್ಕ, ನಿಮ್ಮ ಬಟನ್, ಸೌಂಡ್ ಎಲ್ಲವೂ ಪ್ರತಿ ಫ್ರೇಮಿಗೂ ನಡೆಯುತ್ತವೆ. ಪರದೆಗೆ ಹೋಗುವ ಚಿತ್ರವನ್ನು ಮಾತ್ರ ಆಗಾಗ ಬಿಡಿಸದೆ ಬಿಡುತ್ತಾರೆ. ಆದರೆ ನಿಧಾನ ಮಾಡುತ್ತಿರುವವನು ಬೌಲರೇ ಆಗಿದ್ದರೆ? ಚಿತ್ರಗಾರನನ್ನು ಮನೆಗೆ ಕಳಿಸಿದರೂ ಮ್ಯಾಚು ಮುಂದೆ ಓಡುವುದಿಲ್ಲ.

ಈಗ ಅದನ್ನೇ ಅಂಕಿಯಲ್ಲಿ ನೋಡೋಣ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ ಸಿಗುವುದು 16.67 ಮಿಲಿಸೆಕೆಂಡ್. ಒಂದು ಫೋನಿನಲ್ಲಿ ಆಟದ ಲೆಕ್ಕಕ್ಕೆ 8, ಚಿತ್ರಕ್ಕೆ 14 ಮಿಲಿಸೆಕೆಂಡ್ ಹಿಡಿಯುತ್ತದೆ, ಎರಡೂ ಒಂದಾದ ಮೇಲೆ ಒಂದು ನಡೆಯುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು 22. ಸೆಕೆಂಡಿಗೆ 45 ಫ್ರೇಮ್ ಬಂದಾವು, ಆಟ ಮುಕ್ಕಾಲು ವೇಗದಲ್ಲಿ ತೆವಳುತ್ತದೆ. ಸ್ಕಿಪ್ 1 ಹಾಕಿ. ಎರಡು ಫ್ರೇಮಿಗೆ ಎರಡು ಸಲ ಲೆಕ್ಕ, ಒಂದು ಸಲ ಚಿತ್ರ: 8, 8, 14, ಒಟ್ಟು 30. ಎರಡು ಫ್ರೇಮಿಗೆ ನಮಗಿರುವ ಸಮಯ 33.3. ಆಟ ಪೂರ್ತಿ ವೇಗಕ್ಕೆ ಬಂತು, ಪರದೆಯಲ್ಲಿ ಸೆಕೆಂಡಿಗೆ 30 ಚಿತ್ರ ಕಾಣುತ್ತದೆ, ಸೌಂಡ್ ಸ್ವಚ್ಛ.

ಇನ್ನೊಂದು ಫೋನಿನಲ್ಲಿ ಲೆಕ್ಕಕ್ಕೆ 19, ಚಿತ್ರಕ್ಕೆ ಬರೀ 5. ಸ್ಕಿಪ್ 3 ಹಾಕಿದರೆ ನಾಲ್ಕು ಫ್ರೇಮಿಗೆ 76 ಮತ್ತು 5, ಒಟ್ಟು 81 ಮಿಲಿಸೆಕೆಂಡ್. ಇರುವ ಸಮಯ 66.7. ಆಟ ಇನ್ನೂ 82 ಪರ್ಸೆಂಟ್ ವೇಗದಲ್ಲೇ ಇದೆ, ಪರದೆಯಲ್ಲೋ ಸೆಕೆಂಡಿಗೆ 12 ಚಿತ್ರ. ಕಾರು ಹಾರಿ ಹಾರಿ ಹೋಗುತ್ತದೆ, ಸೌಂಡ್ ಸರಿಹೋಗಿಲ್ಲ. ನಿಮ್ಮ ಪತ್ರದಲ್ಲಿರುವುದು ಇದೇ ಚಿತ್ರ. ಒಂದೂ ಚಿತ್ರ ಬಿಡಿಸದೆ ಕಪ್ಪು ಪರದೆ ಇಟ್ಟರೂ 19 ಮಿಲಿಸೆಕೆಂಡ್ 16.67ರೊಳಗೆ ಕೂರುವುದಿಲ್ಲವಲ್ಲ!

ಸೌಂಡ್ ಮೇಲೆ ನಾನು ಇಷ್ಟು ಭಾರ ಹಾಕಲು ಕಾರಣವಿದೆ. 44,100 ಹರ್ಟ್ಜ್ ಸೌಂಡ್ ಎಂದರೆ ಒಂದು ಫ್ರೇಮಿಗೆ 735 ಸ್ಯಾಂಪಲ್, ಅಂದರೆ ಸೌಂಡಿನ ಪುಟ್ಟ ತುಣುಕು. ಎಮ್ಯುಲೇಟರ್ ಪ್ರತಿ ಫ್ರೇಮಿಗೂ ಆ 735ನ್ನು ತಯಾರಿಸಿ ಒಂದು ಬಫರಿಗೆ ತುಂಬುತ್ತದೆ, ಸ್ಪೀಕರ್ ಇನ್ನೊಂದು ತುದಿಯಿಂದ ಖಾಲಿ ಮಾಡುತ್ತಾ ಹೋಗುತ್ತದೆ. ಸ್ಪೀಕರ್ ಯಾರಿಗೂ ಕಾಯುವುದಿಲ್ಲ. ತುಂಬುವ ಕೈ ನಿಧಾನವಾದರೆ ಬಫರ್ ಬತ್ತಿ ಸೌಂಡ್ ಕರಕರ ಅನ್ನುತ್ತದೆ, ಇಲ್ಲವೇ ಎಮ್ಯುಲೇಟರ್ ಅದನ್ನೇ ಎಳೆದು ಹಿಗ್ಗಿಸಿ ರಾಗ ಮಾಡುತ್ತದೆ. ಕಣ್ಣು ಒಂದೆರಡು ಫ್ರೇಮ್ ಹೋದರೆ ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ. ಹಾಗಾಗಿ ಸ್ಕಿಪ್ ಹಾಕಿದ ಮೇಲೂ ಸೌಂಡ್ ಹರಿದು ಹರಿದು ಬರುತ್ತಿದ್ದರೆ ಗಂಟು ಚಿತ್ರದಲ್ಲಿಲ್ಲ ಎಂದು ತಿಳಿಯಿರಿ.

ಪರೀಕ್ಷೆ ಹೀಗೆ. ಎಮ್ಯುಲೇಟರ್ ಸೆಟ್ಟಿಂಗ್ಸ್‌ನಲ್ಲಿ ವೇಗದ ಪರ್ಸೆಂಟ್ ಮತ್ತು ಎಫ್‌ಪಿಎಸ್ ಎರಡನ್ನೂ ಪರದೆ ಮೇಲೆ ತೋರಿಸುವ ಆಯ್ಕೆ ಹುಡುಕಿ ಆನ್ ಮಾಡಿ. ಪಿಪಿಎಸ್‌ಎಸ್‌ಪಿಪಿ ಎಂಬ ಪಿಎಸ್‌ಪಿ ಎಮ್ಯುಲೇಟರಿನಲ್ಲಿ ಇದು ಇದೆ. ಎರಡೂ ಬೇರೆ ಬೇರೆ ಎಂಬುದು ನೆನಪಿರಲಿ: ಪರ್ಸೆಂಟ್ ಎಂದರೆ ಆಟ ಓಡುವ ವೇಗ, ಎಫ್‌ಪಿಎಸ್ ಎಂದರೆ ಕಣ್ಣಿಗೆ ಬೀಳುವ ಚಿತ್ರ. ನಾಲ್ಕೈದು ಕಾರು ಸೇರುವ ಆ ತಿರುವಿಗೆ ಸ್ವಲ್ಪ ಮುಂಚೆ ಸೇವ್ ಸ್ಟೇಟ್ ಇಟ್ಟುಕೊಳ್ಳಿ, ಪ್ರತಿ ಸಲವೂ ಅದೇ ಜಾಗದಿಂದ ಓಡಿಸಬೇಕು. ಮೊದಲು ಸ್ಕಿಪ್ ಸೊನ್ನೆ ಇಟ್ಟು ತಿರುವಿನಲ್ಲಿ ವೇಗ ಎಷ್ಟಕ್ಕೆ ಇಳಿಯಿತು ಬರೆದುಕೊಳ್ಳಿ. ಆಮೇಲೆ ಸ್ಕಿಪ್ಪನ್ನು ಇರುವಷ್ಟೂ ಮೇಲಕ್ಕೆ ಏರಿಸಿ ಅದೇ ತಿರುವು ದಾಟಿ. ನೋಡಲು ಅಸಹ್ಯವಾಗಿರುತ್ತದೆ, ಇದು ಪರೀಕ್ಷೆಗೆ ಮಾತ್ರ. ವೇಗ 100ಕ್ಕೆ ಬಂತೆಂದರೆ ಭಾರವಿರುವುದು ಚಿತ್ರದ ಮೇಲೆ. 70 ಇದ್ದದ್ದು 80ಕ್ಕೆ ಬಂದು ನಿಂತುಬಿಟ್ಟಿತೆಂದರೆ ಭಾರ ಆಟದ ಲೆಕ್ಕ ಮಾಡುವ ಪ್ರೊಸೆಸರ್ ಮೇಲೆ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಯಾರು ಯಾವ ನಂಬರ್ ಹೇಳಿದರೂ ಅದು ಅವರ ಫೋನಿನ ನಂಬರೇ ಹೊರತು ನಿಮ್ಮದಲ್ಲ.

ಭಾರ ಚಿತ್ರದ್ದೇ ಎಂದು ಗೊತ್ತಾದರೂ ತಕ್ಷಣ ಸ್ಕಿಪ್ಪಿಗೆ ಕೈ ಹಾಕಬೇಡಿ. ರೆಂಡರಿಂಗ್ ರೆಸಲ್ಯೂಷನ್ ಎಷ್ಟಿದೆ ನೋಡಿ. ಪಿಎಸ್‌ಪಿಯ ಪರದೆ 480 ಗುಣಿಸು 272, ಅಂದರೆ ಸುಮಾರು 1 ಲಕ್ಷ 30 ಸಾವಿರ ಚುಕ್ಕೆ. ಎಮ್ಯುಲೇಟರಿನಲ್ಲಿ 3 ಪಟ್ಟು ಅಂತ ಇಟ್ಟರೆ ಅಗಲವೂ ಮೂರು ಪಟ್ಟು, ಎತ್ತರವೂ ಮೂರು ಪಟ್ಟು, ಚುಕ್ಕೆ ಒಂಬತ್ತು ಪಟ್ಟು: 11 ಲಕ್ಷ 75 ಸಾವಿರ. ಹಳೆಯ ಫೋನಿನ ಗ್ರಾಫಿಕ್ಸ್ ಚಿಪ್ಪು ಸೆಕೆಂಡಿಗೆ 60 ಸಲ ಇದನ್ನು ತುಂಬಬೇಕು. 1 ಪಟ್ಟಿಗೆ ಇಳಿಸಿ, ಚಿತ್ರಕ್ಕೆ ಮೆರುಗು ಕೊಡುವ ಹೆಚ್ಚುವರಿ ಶೇಡರ್, ಟೆಕ್ಸ್ಚರ್ ಸ್ಕೇಲಿಂಗ್ ಇದ್ದರೆ ತೆಗೆದುಹಾಕಿ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆದರೆ ಒಂದು ಫ್ರೇಮೂ ಕಳೆದುಹೋಗುವುದಿಲ್ಲ. ರೇಸ್ ಆಟಕ್ಕೆ ಅದು ಎಷ್ಟೋ ವಾಸಿ. ಸೆಟ್ಟಿಂಗ್ಸ್‌ನಲ್ಲಿ ಚಿತ್ರ ಬಿಡಿಸುವ ಎರಡು ವಿಧಾನಗಳಾದ ವಲ್ಕನ್ ಮತ್ತು ಓಪನ್‌ಜಿಎಲ್ ಎರಡನ್ನೂ ಹಾಕಿ ನೋಡಿ. ಯಾವುದು ವೇಗ ಎಂಬುದು ಆಯಾ ಫೋನಿನ ಡ್ರೈವರ್ ಮೇಲೆ ನಿಂತಿದೆ.

ಭಾರ ಪ್ರೊಸೆಸರಿನದ್ದಾದರೆ ದಾರಿ ಬೇರೆ. ಡೈನರೆಕ್ ಅಥವಾ ಜಿಟ್ ಎಂಬ ಆಯ್ಕೆ ಆನ್ ಇದೆಯೇ ನೋಡಿ. ಪಿಎಸ್‌ಪಿಯ ಮಿಪ್ಸ್ ಪ್ರೊಸೆಸರಿನ ಆದೇಶಗಳನ್ನು ಪ್ರತಿ ಸಲವೂ ಒಂದೊಂದಾಗಿ ಓದಿ ಅರ್ಥ ಮಾಡಿಕೊಳ್ಳುವ ಬದಲು, ಒಂದು ತುಂಡನ್ನು ಒಮ್ಮೆಗೇ ನಿಮ್ಮ ಫೋನಿನ ಭಾಷೆಗೆ ಬದಲಾಯಿಸಿ ಇಟ್ಟುಕೊಳ್ಳುವ ವಿಧಾನ ಅದು. ಆಫ್ ಆಗಿದ್ದರೆ ಬೇರೇನು ಮಾಡಿದರೂ ಪ್ರಯೋಜನವಿಲ್ಲ. ಫೋನಿನ ಬ್ಯಾಟರಿ ಸೇವರ್ ಆನ್ ಆಗಿದ್ದರೆ ಪ್ರೊಸೆಸರಿನ ವೇಗವನ್ನು ಅದೇ ಕಟ್ಟಿಹಾಕಿರುತ್ತದೆ. ಇನ್ನು ಬಿಸಿ. ಏಪ್ರಿಲ್ ಮಧ್ಯಾಹ್ನ, ದಪ್ಪ ಕವರ್, ಪಕ್ಕದಲ್ಲಿ ಚಾರ್ಜರ್ ಸಿಕ್ಕಿಸಿಕೊಂಡು ಆಡಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆಯತೊಡಗಿದರೆ ಕಾರಣ ಇದೇ. ಕವರ್ ತೆಗೆಯಿರಿ, ಚಾರ್ಜಿಗೆ ಹಾಕಿದಾಗ ಆಡಬೇಡಿ.

ಇನ್ನೊಂದು ಸಂದರ್ಭವಿದೆ, ಬಹಳ ಜನ ಎಡವುವುದು ಇಲ್ಲಿ. ವೇಗ 100 ತೋರಿಸುತ್ತಿದೆ, ಸೌಂಡ್ ಕರಕರ ಇಲ್ಲ, ಆದರೂ ಆಟ ನಿಧಾನ ಅನ್ನಿಸುತ್ತದೆ. ಹಳೆಯ ಪ್ಲೇಸ್ಟೇಷನ್, ನಿಂಟೆಂಡೊ ಆಟಗಳಲ್ಲಿ ಹೀಗಾದರೆ ನಿಮ್ಮದು ಪಾಲ್ ಎಂಬ ಟಿವಿ ಪದ್ಧತಿಗೆ ಮಾಡಿದ ಆವೃತ್ತಿಯೇ ನೋಡಿ. ಯುರೋಪಿನಂತೆ ನಮ್ಮಲ್ಲೂ ಆಗ ಟಿವಿ ಪಾಲ್ ಆಗಿತ್ತು, ಸೆಕೆಂಡಿಗೆ 50. 60ಕ್ಕೆ ಬರೆದ ಎಷ್ಟೋ ಆಟಗಳನ್ನು ಲೆಕ್ಕ ಬದಲಿಸದೆ ಹಾಗೆಯೇ 50ಕ್ಕೆ ಓಡಿಸಿದರು, ಹಾಗಾಗಿ ಅವು ಮೂಲದ 83 ಪರ್ಸೆಂಟ್ ವೇಗದಲ್ಲೇ ನಡೆಯುತ್ತವೆ. ಎಮ್ಯುಲೇಟರ್ ಅದನ್ನು ನಿಷ್ಠೆಯಿಂದ ತೋರಿಸುತ್ತಿದೆ ಅಷ್ಟೆ. ಇದಕ್ಕೆ ಸ್ಕಿಪ್ ಮದ್ದಲ್ಲ.

ಈಗ ಸ್ಕಿಪ್ ಹಾಕಲೇಬೇಕು ಎಂದಾಯಿತು ಅನ್ನಿ. ಎಷ್ಟು? ಇಲ್ಲಿ ಒಂದು ಘಟನೆ ಹೇಳಬೇಕು.

ಹನುಮಂತನಗರದಲ್ಲಿರುವ ಅಕ್ಕನ ಮಗ ಒಂದು ಭಾನುವಾರ ತನ್ನ ಹಳೆಯ ಟ್ಯಾಬ್ ಹಿಡಿದುಕೊಂಡು ಬಂದ. ‘ಮಾಮ, ಮಾರಿಯೋ ಕಾಣೆಯಾಗ್ತಾನೆ’ ಅಂದ. ಕೂತು ನೋಡಿದೆ. ದೊಡ್ಡ ಮಾರಿಯೋ ಹೋಗಿ ಒಂದು ಅಣಬೆ ಪ್ರಾಣಿಗೆ ತಗುಲಿದ, ಚಿಕ್ಕವನಾದ, ಮರುಕ್ಷಣ ಪರದೆಯಲ್ಲಿ ಇಲ್ಲವೇ ಇಲ್ಲ. ಹುಡುಗ ಬಟನ್ ಒತ್ತುತ್ತಲೇ ಇದ್ದ. ಹಿನ್ನೆಲೆ ಎಡಕ್ಕೆ ಸರಿಯುತ್ತಿತ್ತು, ಮೇಲಿನ ಇಟ್ಟಿಗೆ ಕುಪ್ಪಳಿಸಿತು, ನಾಣ್ಯ ಸಿಕ್ಕ ಸದ್ದು ‘ಟಿಂಗ್’ ಅಂತ ಬಂತು. ನಾಣ್ಯ ತೆಗೆದುಕೊಂಡವನು ಮಾತ್ರ ಅಲ್ಲಿಲ್ಲ. ಎರಡು ಮೂರು ಸೆಕೆಂಡ್ ಆದ ಮೇಲೆ ಮತ್ತೆ ಪ್ರತ್ಯಕ್ಷ. ಸೆಟ್ಟಿಂಗ್ಸ್ ತೆಗೆದರೆ ಫ್ರೇಮ್ ಸ್ಕಿಪ್ 1.

1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಪೆಟ್ಟು ಬಿದ್ದ ಮೇಲೆ ಮಾರಿಯೋ ಮಿಣುಕುತ್ತಾನೆ, ನೋಡಿರುತ್ತೀರಿ. ಒಂದು ಫ್ರೇಮಿನಲ್ಲಿ ಅವನನ್ನು ಬಿಡಿಸುವುದು, ಮುಂದಿನದರಲ್ಲಿ ಬಿಡಿಸದಿರುವುದು, ಹೀಗೆ ಒಂದು ಬಿಟ್ಟು ಒಂದು. ಆ ಮಿಣುಕು ಬರುವುದೇ ಇದರಿಂದ. ಸ್ಕಿಪ್ 1 ಕೂಡ ಒಂದು ಬಿಟ್ಟು ಒಂದು. ಎರಡರ ಹೆಜ್ಜೆ ಒಂದೇ ಆಗಿ, ನಾವು ನೋಡುವ ಫ್ರೇಮುಗಳೆಲ್ಲ ಅವನಿಲ್ಲದ ಫ್ರೇಮುಗಳೇ ಆದವು. ಹೆಜ್ಜೆ ಆಕಡೆ ಬಿದ್ದಿದ್ದರೆ ಮಿಣುಕದೆ ಗಟ್ಟಿಯಾಗಿ ನಿಂತಿರುತ್ತಿದ್ದ. ಪೆಟ್ಟು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಅದನ್ನು 2 ಮಾಡಿದೆ. ಈಗ ಕಾಣುವುದು ಮೂರಕ್ಕೊಂದು ಫ್ರೇಮ್: ಒಂದನೆಯದು, ನಾಲ್ಕನೆಯದು, ಏಳನೆಯದು. ಬೆಸ, ಸಮ, ಬೆಸ. ಮಾರಿಯೋ ವಾಪಸ್ ಬಂದ, ಮಿಣುಕುತ್ತಲೇ ಬಂದ.

ಇದು ಒಂದೇ ಆಟದ ಕಥೆಯಲ್ಲ. ಈ ಮಾರಿಯೋ ಆಟ ಓಡುತ್ತಿದ್ದ ನಿಂಟೆಂಡೊದ ಎಂಟು ಬಿಟ್ ಯಂತ್ರಕ್ಕೆ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಹಿನ್ನೆಲೆಯ ಮೇಲೆ ಓಡಾಡುವ ಪುಟ್ಟ ಚಿತ್ರ) ಬಿಡಿಸಲು ಬರುತ್ತಿರಲಿಲ್ಲ. ಹೆಚ್ಚಾದಾಗ ಆಟ ಬರೆದವರು ಈ ಫ್ರೇಮಿನಲ್ಲಿ ಇವರು, ಮುಂದಿನ ಫ್ರೇಮಿನಲ್ಲಿ ಅವರು ಎಂದು ಸರದಿ ಹಾಕುತ್ತಿದ್ದರು. ನೆರಳು, ಹೊಗೆಯಂಥ ಅರೆಪಾರದರ್ಶಕ ವಸ್ತುಗಳಿಗೂ ಇದೇ ಉಪಾಯ. 90ರ ದಶಕದಲ್ಲಿ ನಮ್ಮ ಬಡಾವಣೆಗಳ ಮನೆಗಳಲ್ಲಿ ಓಡುತ್ತಿದ್ದ ಕ್ಯಾಸೆಟ್ ಹಾಕುವ ಟಿವಿ ಗೇಮುಗಳು ಬಹುಪಾಲು ಈ ಯಂತ್ರದ ನಕಲುಗಳೇ. ಅದಕ್ಕೇ ಹಳೆಯ ಎರಡು ಆಯಾಮದ ಆಟಗಳಿಗೆ ಸ್ಕಿಪ್ ಬೇಕೇ ಬೇಕು ಎಂದರೆ 1 ಮತ್ತು 3 ಬಿಟ್ಟು 2 ಹಾಕಿ ನೋಡಿ ಎನ್ನುತ್ತೇನೆ. ಇಂದಿನ ಫೋನಿಗೆ ಈ ಆಟಗಳು ಭಾರವೇ ಅಲ್ಲ, ಸೊನ್ನೆಯಲ್ಲೇ ಓಡಬೇಕು. ಓಡುತ್ತಿಲ್ಲ ಎಂದರೆ ಹಗುರವಾದ ಬೇರೆ ಕೋರ್, ಅಂದರೆ ಆ ಯಂತ್ರವನ್ನು ಅನುಕರಿಸುವ ಬೇರೆ ಎಂಜಿನ್, ಆರಿಸಿಕೊಳ್ಳಿ.

ಅದೇ ಮಾರಿಯೋ ಇನ್ನೊಂದು ವಿಷಯವನ್ನೂ ಕಲಿಸುತ್ತದೆ. ಅವನು ಓಡುವಾಗ ಭೂಮಿ ಸರಿಯುತ್ತದೆ, ಮೇಲಿನ ಸ್ಕೋರು ಅಲ್ಲಾಡುವುದಿಲ್ಲ. ಸ್ಕೋರಿನ ಪಟ್ಟಿಯಲ್ಲಿರುವ ಆ ಪುಟ್ಟ ನಾಣ್ಯದ ಹಿಂದೆ ಒಂದು ಸ್ಪ್ರೈಟ್ ಅಡಗಿದೆ. ಯಂತ್ರ ಚಿತ್ರ ಬಿಡಿಸುತ್ತಾ ಆ ಸ್ಪ್ರೈಟಿಗೆ ಬಂದಾಗ ಒಂದು ಗುರುತು ಏಳುತ್ತದೆ, ಆಟ ಅದಕ್ಕಾಗಿಯೇ ಕಾದು ಕೂತಿದ್ದು ಅಲ್ಲಿಂದ ಕೆಳಗೆ ಸರಿಸಲು ಶುರುಮಾಡುತ್ತದೆ. ಸ್ಕಿಪ್ ಹೆಸರಿನಲ್ಲಿ ಎಮ್ಯುಲೇಟರ್ ಚಿತ್ರದ ಕೆಲಸವನ್ನು ಪೂರ್ತಿ ಬಿಟ್ಟರೆ ಆ ಗುರುತು ಏಳುವುದೇ ಇಲ್ಲ, ಆಟ ಕಾಯುತ್ತಾ ಹ್ಯಾಂಗ್ ಆಗುತ್ತದೆ. ಹಾಗಾಗಿ ಬಿಟ್ಟ ಫ್ರೇಮಿನಲ್ಲೂ ಎಮ್ಯುಲೇಟರ್ ಆ ಗುರುತನ್ನು ಲೆಕ್ಕ ಹಾಕಲೇಬೇಕು. ಪ್ಲೇಸ್ಟೇಷನ್ನಿನಲ್ಲೂ ಹೀಗೆಯೇ: ಬಿಟ್ಟ ಫ್ರೇಮಿನಲ್ಲಿ ವಿಡಿಯೋ ಮೆಮೊರಿಗೆ ಬಂದ ಟೆಕ್ಸ್ಚರನ್ನು (ವಸ್ತುಗಳ ಮೈಮೇಲೆ ಅಂಟಿಸುವ ಚಿತ್ರವನ್ನು) ಎಸೆಯುವ ಹಾಗಿಲ್ಲ, ಮುಂದಿನ ಫ್ರೇಮಿಗೆ ಅದು ಬೇಕು. ಹಿಂದಿನ ಫ್ರೇಮಿನ ಚಿತ್ರವನ್ನೇ ಎತ್ತಿಕೊಂಡು ಮಸುಕು ಮಾಡಿ ವೇಗದ ಭಾವನೆ ಕೊಡುವ ಆಟಗಳಿವೆ; ಅಲ್ಲಿ ಸ್ಕಿಪ್ ಹಾಕಿದರೆ ಪರದೆ ಮಿನುಗುವುದು, ಕಪ್ಪಾಗುವುದು ಆಗುತ್ತದೆ. ರೇಸ್ ಆಟಗಳಲ್ಲಿ ಈ ಮಸುಕು ಸಾಮಾನ್ಯ. ಹಾಗಾದರೆ ಫೋನ್ ಕೆಟ್ಟಿತೆಂದು ಹೆದರಬೇಡಿ, ಸ್ಕಿಪ್ ತೆಗೆದರೆ ಸರಿಹೋಗುತ್ತದೆ.

ನಿಮ್ಮ ಆಟ ಮೂಲದಲ್ಲೇ ಸೆಕೆಂಡಿಗೆ 30 ಚಿತ್ರ ಬಿಡಿಸುವಂಥದ್ದೇ ಎಂಬುದನ್ನೂ ನೋಡಿಕೊಳ್ಳಿ. ಹಗುರ ಜಾಗದಲ್ಲಿ, ಸ್ಕಿಪ್ ಇಲ್ಲದೆ, ವೇಗ 100 ಇರುವಾಗ ಎಫ್‌ಪಿಎಸ್ 30ರಲ್ಲೇ ನಿಂತಿದ್ದರೆ ಅದು ಆ ಜಾತಿಯದು. ಬಿಡಿಸಿದ ಚಿತ್ರಗಳನ್ನೇ ಎಣಿಸಿ ಬಿಡುವ ಎಮ್ಯುಲೇಟರಿನಲ್ಲಿ ಸ್ಕಿಪ್ 1 ಅಂದರೆ 15 ಚಿತ್ರ, 3 ಅಂದರೆ ಏಳೋ ಎಂಟೋ. ಆ ವೇಗದಲ್ಲಿ ತಿರುವು ಕಂಡ ಮೇಲೆ ಸ್ಟೀರಿಂಗ್ ತಿರುಗಿಸಿದರೆ ಕಾರು ಆಗಲೇ ಗೋಡೆಗೆ ಹೊಡೆದಿರುತ್ತದೆ. ನಿಮ್ಮ ಬಟನ್ ಪ್ರತಿ ಫ್ರೇಮಿಗೂ ಆಟಕ್ಕೆ ಮುಟ್ಟುತ್ತದೆ ನಿಜ, ಆದರೆ ಕಾಣದೆ ಒತ್ತುವುದು ಹೇಗೆ? ಅಂಥ ಆಟಕ್ಕೆ 1ರ ಮೇಲೆ ಹೋಗಲೇಬೇಡಿ.

ನಂಬರಿನ ಬಗ್ಗೆ ಇನ್ನೊಂದು ಮಾತು. ಎಲ್ಲ ಎಮ್ಯುಲೇಟರಿನಲ್ಲೂ ನಂಬರಿಗೆ ಒಂದೇ ಅರ್ಥವಿಲ್ಲ. 1997ರಲ್ಲಿ, ಅಂಗಡಿಗಳಲ್ಲಿ ಕಾಯಿನ್ ಹಾಕಿ ಆಡುವ ಆಟಗಳಿಗಾಗಿಯೇ ಶುರುವಾದ ಮೇಮ್ ಎಂಬ ಎಮ್ಯುಲೇಟರಿನಲ್ಲಿ ಫ್ರೇಮ್ ಸ್ಕಿಪ್ 2 ಅಂದರೆ ಪ್ರತಿ 12 ಫ್ರೇಮಿನಲ್ಲಿ 2 ಮಾತ್ರ ಬಿಡು ಎಂದು. ಬೇರೆ ಕಡೆ 1 ಹಾಕಿ ಪಡೆಯುವ ಅರ್ಧಕ್ಕೆ ಅಲ್ಲಿ 6 ಹಾಕಬೇಕು. ನಿಮ್ಮ ಫ್ರೆಂಡ್ ಮೇಮ್ ಬಳಸುವವರಾಗಿದ್ದರೆ ಅವರ 3 ಬಹಳ ಮೆದುವಾದ 3, ನಿಮ್ಮ 3 ಬಹಳ ಕಟುವಾದದ್ದು.

ಆಟೋ ಎಂಬ ಆಯ್ಕೆಯೂ ಇರುತ್ತದೆ. ಹಿಂದೆ ಬಿದ್ದಾಗ ಮಾತ್ರ ಚಿತ್ರ ಬಿಡುತ್ತದೆ, ಸಮಯ ಸಿಕ್ಕಾಗ ಎಲ್ಲವನ್ನೂ ತೋರಿಸುತ್ತದೆ. ಹಲವು ಎಮ್ಯುಲೇಟರುಗಳನ್ನು ಒಂದೇ ಕಡೆ ಓಡಿಸುವ ರೆಟ್ರೋಆರ್ಕ್‌ನ ಕೆಲವು ಕೋರುಗಳಲ್ಲಿ ಇದನ್ನು ಸೌಂಡ್ ಬಫರ್ ನೋಡಿಯೇ ನಿರ್ಧರಿಸುತ್ತಾರೆ: ಬಫರ್ ಇಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿದರೆ ಚಿತ್ರ ಬಿಡು ಎಂದು. ನನಗೆ ಈ ವಿಧಾನ ಬಹಳ ಇಷ್ಟ, ಯಾಕೆಂದರೆ ಅದು ಮೊದಲು ಕಿವಿಯನ್ನು ಕಾಪಾಡುತ್ತದೆ. ಕಥೆ ಓದುತ್ತಾ, ಸರದಿ ಪ್ರಕಾರ ಆಡುವ ಆಟಗಳಿಗೆ ಆಟೋ ಸಾಕು. ಆದರೆ ಒಂದೇ ಸಮ ಸರಿಯುವ ಹಿನ್ನೆಲೆ ಇರುವ ಆಟದಲ್ಲಿ ಆಟೋ ಒಮ್ಮೆ 60, ಒಮ್ಮೆ 40 ಎಂದು ತೂಗಾಡಿದರೆ ಕಣ್ಣಿಗೆ ನೋವಾಗುತ್ತದೆ. ಅದಕ್ಕಿಂತ ಸ್ಥಿರವಾದ 30 ಹಿತ. ಕೈಚಳಕದ ಫೈಟಿಂಗ್ ಆಟಗಳಿಗೆ, ತಾಳಕ್ಕೆ ಒತ್ತುವ ಆಟಗಳಿಗೆ ಎರಡೂ ಬೇಡ. ರೆಸಲ್ಯೂಷನ್ ಇಳಿಸಿ, ಅದೂ ಸಾಲದಿದ್ದರೆ ಆ ಆಟವನ್ನು ಬೇರೆ ಯಂತ್ರಕ್ಕೆ ಇಟ್ಟುಕೊಳ್ಳಿ.

ಎಮ್ಯುಲೇಟರ್ ತೋರಿಸುವ ಎಫ್‌ಪಿಎಸ್ ಮೇಲೆ ಅನುಮಾನ ಬಂದರೆ ಅಣ್ಣನ ಹೊಸ ಫೋನು ತೆಗೆದುಕೊಳ್ಳಿ. ಅದರ ಕ್ಯಾಮೆರಾದಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಆಟದ ಪರದೆಯನ್ನು ಐದು ಸೆಕೆಂಡ್ ಚಿತ್ರೀಕರಿಸಿ, ಆಮೇಲೆ ಒಂದೊಂದೇ ಫ್ರೇಮ್ ಸರಿಸಿ ಎಣಿಸಿ. ಸರಿಯಾದ 60 ಇದ್ದರೆ ಪ್ರತಿ ಚಿತ್ರ ನಾಲ್ಕು ಫ್ರೇಮ್ ನಿಲ್ಲುತ್ತದೆ. ಸ್ಕಿಪ್ 1 ಇದ್ದರೆ ಎಂಟು, 2 ಇದ್ದರೆ ಹನ್ನೆರಡು. ನಾಲ್ಕು, ಹನ್ನೆರಡು, ನಾಲ್ಕು, ಎಂಟು ಎಂದು ಕಂಡರೆ ಅದೇ ಆಟೋ ತೂಗಾಟ. ನಾನು ಹೊಸ ಫೋನು ಕೈಗೆ ಬಂದಾಗ ಮೊದಲು ಮಾಡುವ ಪರೀಕ್ಷೆ ಇದು.

ಬ್ಯಾಟರಿ ಬಗ್ಗೆ ಕೇಳಿದ್ದೀರಿ. ಫ್ರೇಮ್ ಸ್ಕಿಪ್ಪಿನಿಂದ ಫೋನಿಗೆ ಯಾವ ಹಾನಿಯೂ ಇಲ್ಲ. ಆಟ ಪೂರ್ತಿ ವೇಗದಲ್ಲಿ ಓಡುತ್ತಿದ್ದರೆ ಬಿಟ್ಟ ಪ್ರತಿ ಚಿತ್ರವೂ ಉಳಿತಾಯವಾದ ಕೆಲಸವೇ, ಫೋನು ಅಷ್ಟು ತಣ್ಣಗಿರುತ್ತದೆ. ಪರ್ಪಲ್ ಲೈನ್ ಮೆಟ್ರೋದಲ್ಲಿ ವೈಟ್‌ಫೀಲ್ಡ್ ತನಕ ಹೋಗುವಾಗ ನಾನು ಸರದಿ ಆಟಗಳಿಗೆ ಬೇಕೆಂದೇ ಸ್ಕಿಪ್ 1 ಹಾಕಿಕೊಳ್ಳುತ್ತೇನೆ. ಮಾತಿನ ಪೆಟ್ಟಿಗೆ, ಮೆನು ಇವೇ ಹೆಚ್ಚಿರುವ ಆಟಕ್ಕೆ 30 ಚಿತ್ರ ಧಾರಾಳ. ನಿಮ್ಮ ರೇಸ್ ಆಟಕ್ಕೆ ಮಾತ್ರ ಮೊದಲು ರೆಸಲ್ಯೂಷನ್ 1 ಪಟ್ಟು, ಜಿಟ್ ಆನ್, ಬ್ಯಾಟರಿ ಸೇವರ್ ಆಫ್, ಸ್ಕಿಪ್ ಸೊನ್ನೆ ಇಟ್ಟು ಅದೇ ತಿರುವು ದಾಟಿ. ಆಗಲೂ ಎಳೆದರೆ ಸ್ಕಿಪ್ ಸೊನ್ನೆ ಇದ್ದಾಗಿನ ವೇಗ, ಗರಿಷ್ಠ ಇದ್ದಾಗಿನ ವೇಗ, ಫೋನಿನ ಮಾಡೆಲ್ ಈ ಮೂರನ್ನು ಬರೆದು ಕಳಿಸಿ.